ಹಲಗೆಯ ಮೇಲಿನ ಗೆರೆ

ಯಾರೋ ಮತ್ತೆ ಹಲಗೆ ಮುಟ್ಟಿದ್ದಾರೆ.

ಕ್ಷೌರಿಕ ಕತ್ತಿ ಮಸೆಯುವ ಆ ಹಲಗೆಯನ್ನು ಬೆಳಕಿಗೆ ಹಿಡಿದ. ಮಲಗುವ ಮುಂಚೆ ಚೊಕ್ಕಟವಾಗಿ ಒರೆಸಿಟ್ಟಿದ್ದ ಮರದ ಮೇಲೆ ಉದ್ದುದ್ದ ಕಪ್ಪು ಗೆರೆಗಳು. ಉಕ್ಕು ಉಜ್ಜಿದರಷ್ಟೇ ಬೀಳುವ ಗೆರೆ. ತನ್ನ ಹಲಗೆಯ ಮೇಲೆ ಇನ್ನಾವುದೋ ಕತ್ತಿ ಓಡಾಡಿದೆ. ಅಪ್ಪನ ಕಾಲದ ಹಳೇ ಕತ್ತಿಯೂ ಪೆಟ್ಟಿಗೆಯಿಂದ ಕಾಣೆಯಾಗಿ ಬಹಳ ದಿನವಾಗಿತ್ತು.

ಕಳ್ಳ ಯಾರೆಂದು ಅವನು ಆಗಲೇ ತೀರ್ಮಾನಿಸಿದ್ದ. ಎದುರು ಸಾಲಿನಲ್ಲಿ ಬಾಮೈದನ ಅಂಗಡಿ. ಅಲ್ಲಿ ಮಸೆಯುವ ರಗಳೆಯಿಲ್ಲ. ಬ್ಲೇಡು ಸಿಕ್ಕಿಸು, ಬಿಸಾಡು. “ಭಾವ, ಇನ್ನು ಆರಾಮಾಗಿ ಮನೇಲಿರಿ” ಎಂದು ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಶುರು ಮಾಡಿದ್ದವನು ಅವನು. ಮನೆಯಲ್ಲಿದ್ದು ಮಾಡುವುದೇನು, ಗೋಡೆ ನೋಡುವುದೇ? ಈ ಕುರ್ಚಿ ಹೋದರೆ ತಾನೂ ಹೋದ ಹಾಗೆ. ಗಿರಾಕಿಗಳಲ್ಲಿ ಉಳಿದವರು ಇಬ್ಬರೇ, ಮೇಷ್ಟ್ರು ಮತ್ತು ಬೀಗ ರಿಪೇರಿಯವನು. ಅವರೂ ಕೈಬಿಟ್ಟರೆ ಅಂಗಡಿಗೆ ಬಾಗಿಲು ಹಾಕಬೇಕು.

ಬಟ್ಟೆಗೆ ಸ್ಪಿರಿಟ್ ಹಾಕಿ ಗೆರೆಗಳನ್ನು ತಿಕ್ಕಿ ತೆಗೆದ. ಮರ ಒಣಗಿದ ಮೇಲೆ ಕತ್ತಿ ಮಸೆಯುವ ಹಸಿರು ಪೇಸ್ಟಿನ ಟ್ಯೂಬು ಹಿಂಡಿದ. ಸಾಸಿವೆಯಷ್ಟು ಸಾಕಿತ್ತು, ಗೋಲಿಯಷ್ಟು ಬಿತ್ತು. ಹಾಳು ಟ್ಯೂಬು! ಹೆಚ್ಚಾದದ್ದನ್ನು ಬಳಿದು ತೆಗೆದು, ಉಳಿದದ್ದನ್ನು ಅಂಗೈಯಿಂದ ಉಜ್ಜುತ್ತ ಹೋದ, ಮರಕ್ಕೆ ಬರೀ ಬಣ್ಣ ಉಳಿಯುವ ತನಕ. ಪೇಸ್ಟು ದಪ್ಪಗೆ ಕೂತರೆ ಅಲಗು ದುಂಡಗಾಗುತ್ತದೆ. ಆಮೇಲೆ ಕತ್ತಿಯನ್ನು ಮಲಗಿಸಿ, ಬೆನ್ನು ಮುಂದಾಗಿ ಅಲಗು ಹಿಂದಾಗಿ ಎಳೆದ. ಹಲಗೆಯ ಆಸರೆಯಲ್ಲಿ ಕೈ ಹೇಳಿದ ಮಾತು ಕೇಳುತ್ತಿತ್ತು. ಮುಂಗೈಯ ಕೂದಲಿಗೆ ತಾಗಿಸಿದ. ತಾಗಿದ್ದೇ ತಡ, ಉದುರಿತು.

ನಿನ್ನೆ ಬೆಳಿಗ್ಗೆಯೂ ಕತ್ತಿ ಹೀಗೆಯೇ ಹರಿತವಾಗಿತ್ತು. ಆದರೆ ಬೀಗದವನ ಮುಖದಿಂದ ಬಳಿದ ನೊರೆಯನ್ನು ಕಾಗದಕ್ಕೆ ಒರೆಸುವಾಗ ಕ್ಷೌರಿಕ ಅದನ್ನೇ ಬಗ್ಗಿ ನೋಡಿದ್ದ. ಅವನದು ದಟ್ಟ ಕಪ್ಪು ಗಡ್ಡ. ನೊರೆಯಲ್ಲಿ ಮಾತ್ರ ಒಂದು ಚೂರು ಕೂದಲಿಲ್ಲ. ಮುಂಗೈಗೆ ತಾಗಿಸಿ ನೋಡಿದರೆ ಕತ್ತಿ ಚಮಚದ ಹಾಗೆ ಜಾರಿತು.

ಎಷ್ಟು ದಿನದಿಂದ ಹೀಗೆ ಬರೀ ನೊರೆ ಬಳಿಯುತ್ತಿದ್ದೇನೆ? “ಹೇಗಿದೆ?” ಎಂದು ಕೇಳಿದಾಗಲೆಲ್ಲ “ನಿಮ್ಮ ಮನೆಯ ಕೈಗುಣಕ್ಕೆ ಸಾಟಿಯಿಲ್ಲ” ಎನ್ನುತ್ತಿದ್ದರಲ್ಲ, ಪಾಪ, ಮರ್ಯಾದೆಗೆ! ಬಿಸಿ ಟವೆಲಿನಲ್ಲಿ ಮುಖ ಒರೆಸಿದ ಕೂಡಲೇ ಎದ್ದು ಹೋಗಿಬಿಡುತ್ತಾರೆ. ಬೀದಿ ದಾಟಿ ಬಾಮೈದನ ಹತ್ತಿರ ಮತ್ತೆ ಮಾಡಿಸಿಕೊಳ್ಳುತ್ತಿರಬೇಕು. ನೆನೆದರೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೆಂಡತಿಗೆ ಅವನು ಏನೂ ಹೇಳಿರಲಿಲ್ಲ. ಅವನು ಕಾಯಿಲೆಯಿಂದ ಎದ್ದಾಗಿನಿಂದ ನೊರೆ ಹಚ್ಚುವುದು, ಮುಖ ಒರೆಸುವುದು ಅವಳ ಪಾಲು. “ನೀವು ಕತ್ತಿ ನೋಡ್ಕೊಳ್ಳಿ ಸಾಕು” ಎನ್ನುತ್ತಾಳೆ. ಒಳ್ಳೆಯವಳೇ, ಆದರೆ ಈಚೆಗೆ ಕೈ ಬಿಗಿ. ಕಾಫಿ ಲೋಟವನ್ನು ಅರ್ಧಕ್ಕಿಂತ ಮೇಲೆ ತುಂಬುವುದಿಲ್ಲ.

ಇವತ್ತು ಸ್ನಾನಕ್ಕೆಂದು ಅಂಗಡಿಯ ಹಿಂದೆಯೇ ಇದ್ದ ಮನೆಯ ಬಚ್ಚಲಿಗೆ ಹೋದವನು ನಲ್ಲಿ ತಿರುಗಿಸಿ, ನೀರು ಸುರಿಯಲು ಬಿಟ್ಟು, ಮೆಲ್ಲಗೆ ವಾಪಸು ಬಂದು ಪರದೆಯ ಹಿಂದೆ ನಿಂತ. ಬಾಮೈದ ಬರಲಿ, ಕೊರಳಪಟ್ಟಿ ಹಿಡಿಯುತ್ತೇನೆ.

ಬಂದವಳು ಹೆಂಡತಿ. ಹಿತ್ತಿಲಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಕತ್ತಿ ಬಿಚ್ಚಿದಳು. ಗಾಜಿನ ಸೀಸೆಯ ಬಾಯಿಗೆ ಅಲಗನ್ನು ಮೊಂಡಾಗುವಂತೆ ಉಜ್ಜಿದಳು.

“ನೀನಾ?”

ಸೀಸೆ ಉರುಳಿತು.

“ನಿನ್ನ ತಮ್ಮ ಹೇಳಿಕೊಟ್ಟನಾ?”

“ಅವನಿಗೇನೂ ಗೊತ್ತಿಲ್ಲ ರೀ.”

“ಹಲಗೆ ಮುಟ್ತಿರೋದೂ ನೀನೇನಾ?”

ಅವಳು ಹೌದೆಂದು ತಲೆಯಾಡಿಸಿದಳು.

“ನನ್ನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೇ! ಯಾಕೆ?”

ಅವಳು ಹಿತ್ತಿಲ ಬಾಗಿಲ ಕಡೆ ಒಮ್ಮೆ ನೋಡಿದಳು.

ಕತ್ತಿ ಕಿತ್ತುಕೊಂಡು ಅವನು ಹಲಗೆಯ ಮುಂದೆ ಕೂತ. ಅವಳು ಉಜ್ಜಿದ್ದು ಒಂದೆರಡು ಸಲವಷ್ಟೇ, ಪುಣ್ಯಕ್ಕೆ. ಕಣ್ಣು ಮಂಜಾಗುತ್ತಿತ್ತು, ಎಳೆದ, ಮತ್ತೆ ಎಳೆದ, ಅಲಗು ಪುನಃ ಮುಂಗೈ ಕೂದಲನ್ನು ಉದುರಿಸುವ ತನಕ. ಅಷ್ಟರಲ್ಲಿ ಮೇಷ್ಟ್ರು ಮುಂಬಾಗಿಲಿಂದ ಬಂದು ಕುರ್ಚಿಯಲ್ಲಿ ಕೂತಿದ್ದರು, ಕುತ್ತಿಗೆಯಿಂದ ಮೂಗಿನ ತನಕ ಮಫ್ಲರ್ ಸುತ್ತಿಕೊಂಡು.

“ಇವತ್ತು ನೊರೆಯೂ ನಾನೇ ಹಚ್ತೀನಿ” ಎಂದ ಕ್ಷೌರಿಕ. “ನೀನು ದೂರ ನಿಲ್ಲು.”

“ಬೇಡ ರೀ. ನಿಮ್ಮ ಕಾಲಿಗೆ ಬೀಳ್ತೀನಿ.”

ಕನ್ನಡಿಯಲ್ಲಿ ಕತ್ತಿಯ ತುದಿ ಕುಣಿಯುತ್ತಿತ್ತು. ಕನ್ನಡಿಯ ಮೊಳೆ ಸಡಿಲವಾಗಿರಬೇಕು ಅಂದುಕೊಂಡ. ಮೇಷ್ಟ್ರು ಆ ತುದಿಯನ್ನೇ ನೋಡಿದರು, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡರು.

“ಇರಲಿ ಬಿಡಮ್ಮ. ಮಾಡಲಿ.”

ಅವನು ಮಫ್ಲರ್ ಎಳೆದು ಕೆನ್ನೆಗೆ ಕೈಯಿಟ್ಟ. ನುಣ್ಣಗಿತ್ತು. ಕಿವಿಯ ಬುಡದಲ್ಲಿ ಒಂದು ಚೂರು ನೊರೆ ಇನ್ನೂ ಹಸಿಯಾಗಿತ್ತು. ಅಂದರೆ ಮೊದಲೇ ಬೀದಿ ದಾಟಿ ಬಂದಿದ್ದಾರೆ! “ನೀವೂನಾ ಮೇಷ್ಟ್ರೇ?” ಎಂದ ಅವನು. “ಅವನ ಹತ್ತಿರವೇ ಹೋದಿರಾ?”

ಮೇಷ್ಟ್ರು ಉತ್ತರ ಕೊಡುವ ಮುಂಚೆ ಹಿತ್ತಿಲ ಬಾಗಿಲು ಕಿರುಗುಟ್ಟಿತು; ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ತುಂಬ ನೊರೆ, ಕೈಯಲ್ಲಿ ಆ ಹಳೇ ಕತ್ತಿ ಹಿಡಿದುಕೊಂಡು ಬೀಗದವನು ಪಿಸುದನಿಯಲ್ಲಿ ಕರೆದ: “ಅಕ್ಕಾ, ಬೇಗ ಬಾ, ಅಣ್ಣ ಸ್ನಾನ ಮುಗಿಸೋದ್ರೊಳಗೆ ಇನ್ನರ್ಧ ಮುಗಿಸಿಬಿಡು.”