ಕಲ್ಲಿನಂಥ ಟಯರು

ನರೇಶ ಹೋದ ಸುದ್ದಿ ತಿಳಿದ ದಿನ ದೇವಪ್ಪ ಮೊದಲು ಮುಟ್ಟಿದ್ದು ಮಗನ ಮೈಯನ್ನಲ್ಲ. ಟಯರನ್ನು.

ನಾಲ್ಕು ಚಕ್ರದ ಆ ಬೈಕನ್ನು ಅಘನಾಶಿನಿ ಹೊಳೆಯ ಕೆಸರಿನಿಂದ ಹಗ್ಗ ಕಟ್ಟಿ ಎಳೆದು ದಡಕ್ಕೆ ಹಾಕಿದ್ದರು. ಎಟಿವಿ ಎನ್ನುತ್ತಿದ್ದರು ಹುಡುಗರು. ನರೇಶ ಮತ್ತು ಅವನ ಗೆಳೆಯ ಯೋಗೇಶ ಸೇರಿ ಗೋವಾದಿಂದ ತಂದ ಹಳೆಯ ಗಾಡಿ. ಸಂಜೆ ಕಾಗಾಲದ ಕಡಲತೀರದಲ್ಲಿ ಪ್ರವಾಸಿಗರನ್ನು ಕೂರಿಸಿ ಓಡಿಸುತ್ತಿದ್ದರು. ಹೊಳೆಯ ನೀರು ಇಳಿದಾಗ ಹೆಂಗಸರು ಹೆಕ್ಕಿದ ಚಿಪ್ಪಿಯ ಚೀಲಗಳನ್ನು ಕೆಸರು ದಾಟಿಸಿ ತರುತ್ತಿದ್ದರು. ಹೊಸ ಟಯರು ಹಾಕಿ ಮೂರೇ ದಿನ. ಚಕ್ರಗಳು ಕೆಸರಿನಲ್ಲಿ ಹೂತುಹೋದವು, ಗಾಡಿ ಮಗುಚಿತು, ನರೇಶನ ಕಾಲು ಅಡಿಯಲ್ಲಿ ಸಿಕ್ಕಿತು. ಅದು ನೀರು ಏರುವ ಹೊತ್ತು. ಚಿಪ್ಪಿ ಹೆಕ್ಕುತ್ತಿದ್ದ ಹೊನ್ನಿ ಕೂಗುತ್ತ ಓಡಿ ಬಂದು ಊರಿಗೆ ಹೇಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದೇವಪ್ಪ ಕುಮಟೆಯ ಹೆದ್ದಾರಿಯ ಬದಿಯಲ್ಲಿ ಮೂವತ್ತು ವರ್ಷ ಲಾರಿ ಟಯರಿನ ಕೆಲಸ ಮಾಡಿದವನು. ಬಗ್ಗಿ ಹೆಬ್ಬೆರಳಿನಿಂದ ಒಂದು ಟಯರನ್ನು ಒತ್ತಿದ. ತಗ್ಗಲಿಲ್ಲ. ನಾಲ್ಕನ್ನೂ ಒತ್ತಿದ. ನಾಲ್ಕೂ ಕಲ್ಲು.

ಯೋಗೇಶ ಆ ಹೆಬ್ಬೆರಳನ್ನೇ ನೋಡುತ್ತಿದ್ದ. ಆಮೇಲೆ ತಲೆ ತಗ್ಗಿಸಿದ.

"ಈ ಟಯರ್ ಆರಿಸಿದ್ದು ಯಾರು?" ಎಂದ, ಪಂಚನಾಮೆ ಬರೆಯುತ್ತಿದ್ದ ಪೊಲೀಸ.

"ನಾನು," ಎಂದ ಯೋಗೇಶ. ಪ್ರಶ್ನೆ ಪೂರ್ತಿ ಮುಗಿದಿರಲಿಲ್ಲ.

ಊರು ಅದನ್ನು ಕೇಳಿಸಿಕೊಂಡಿತು. ಮರುದಿನದಿಂದ ಯೋಗೇಶನ ಮನೆಯ ಕಡೆ ಯಾರೂ ಹೋಗಲಿಲ್ಲ.

ಐದನೆಯ ದಿನ ಹೋದವನು ದೇವಪ್ಪ. ಹೆಗಲ ಮೇಲಿನ ಗೋಣಿಚೀಲದಲ್ಲಿ ಆ ಗಾಡಿಯಿಂದ ಬಿಚ್ಚಿದ ಒಂದು ಟಯರಿತ್ತು.

"ಭಟ್ಕಳಕ್ಕೆ ಹೋಗ್ವ, ನಡಿ. ಟಯರ್ ಕೊಟ್ಟ ಅಂಗಡಿ ತೋರ್ಸು."

"ಎಂತಕ್ಕೆ ಕಾಕಾ? ಹೋದವ ತಿರ್ಗಿ ಬರೂದಿಲ್ಲ. ಬೇಡ."

"ಹೆದ್ರಿಕೆ ಆತಾ?"

"ಹೌದು," ಎಂದ ಯೋಗೇಶ.

ಇಬ್ಬರೂ ಬಸ್ಸು ಹತ್ತಿದರು. ಹೊನ್ನಾವರದ ಉದ್ದನೆಯ ಸೇತುವೆಯ ಮೇಲೆ ದೇವಪ್ಪ ಕಿಟಕಿಯಿಂದ ಕೆಳಗೆ ನೋಡಿದ.

"ನೀರಲ್ಲಿ ಜೀವ ಹೋಗೂಕೆ ಎಷ್ಟು ಹೊತ್ತು ಬೇಕಾಗ್ತದೆ, ಯೋಗೇಶ?"

ಯೋಗೇಶ ಎದುರಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ.

ಸೂತಕದವನೆಂದು ದೇವಪ್ಪ ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತ. "ನಮ್ಗೆ ಅದೆಲ್ಲ ಇಲ್ಲ, ಒಳಗೆ ಬನ್ನಿ," ಎಂದರು ಅಂಗಡಿಯ ಸಾಹೇಬರು. ಅವನು ಅಲ್ಲಿಂದಲೇ ಟಯರನ್ನು ಮುಂದೆ ಉರುಳಿಸಿದ.

"ಇದು ಕೆಸರಿಗೆ ಆಗ್ತದಾ?"

"ಛೇ, ಛೇ. ಇದು ಗುಡ್ಡಕ್ಕೆ, ಕಲ್ಲುಕ್ವಾರಿಗೆ. ಅಲ್ಲಿ ಹತ್ತು ವರ್ಷ ಬರ್ತದೆ. ಕೆಸರಲ್ಲಿ ಗುದ್ದಲಿ ಹಾಗೆ ನೆಲ ಅಗೀತದೆ." ಸಾಹೇಬರು ಅಗಲವಾದ ಇನ್ನೊಂದು ಟಯರನ್ನು ಎಳೆದರು. "ಕೆಸರು, ಮರಳಿಗೆ ಇದು. ಐದೇ ಪೌಂಡ್ ಗಾಳಿ. ಒತ್ತಿದ್ರೆ ತಗ್ಗಬೇಕು. ಆಗ ಹಪ್ಪಳದ ಹಾಗೆ ಹರಡಿ ಕೂರ್ತದೆ, ಮುಳುಗೂದಿಲ್ಲ."

ದೇವಪ್ಪ ಕೈ ಚಾಚಿ ಒತ್ತಿದ. ತಗ್ಗಿತು. ಕೈ ಬೇಗ ಹಿಂತೆಗೆದ.

"ಈ ತಮ್ಮನ ಜೊತೆ ಬಂದ ಹುಡುಗ ಮೊದಲು ಇದನ್ನೇ ಆರಿಸಿದ್ದು," ಎಂದರು ಸಾಹೇಬರು. "ಮದುವೆ ಹೆಣ್ಣು ಒಪ್ಪಿದ ಹಾಗೆ ನಗ್ತಾ ಒಯ್ದ. ಮರುದಿನ ವಾಪಸ್! ಗಟ್ಟೀದೇ ಬೇಕಂತೆ. ನಾನು ಬೇಡ ಅಂದೆ. ಮೋರೆ ಸಣ್ಣ ಮಾಡ್ಕೊಂಡು ತಗೊಂಡು ಹೋದ."

"ಗಟ್ಟೀದು ಬೇಕು ಅಂದದ್ದು ಯಾರಂತೆ?"

"ನಾನೇ ಕಾಕಾ," ಯೋಗೇಶ ನಡುವೆ ಬಾಯಿ ಹಾಕಿದ. "ನಾನೇ ಅಂದದ್ದು."

ಸಾಹೇಬರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿ, ಅಗಲದ ಟಯರನ್ನು ಮತ್ತೆ ಒಳಗೆ ತಳ್ಳಿದರು.

"ಆತು," ಎಂದ ದೇವಪ್ಪ. "ಹತ್ತನೇ ದಿನ ಹೊಳೆದಂಡೆಗೆ ಬಾ. ತಪ್ಪಿಸ್ಕೊಂಡ್ರೆ ನಾ ಮನೆಗೇ ಬತ್ತೆ."

ಹತ್ತನೆಯ ದಿನ ದಂಡೆಯಲ್ಲಿ ಬಾಳೆಲೆಯ ಮೇಲೆ ಪಿಂಡ ಇಟ್ಟರು. ಕಾಗೆ ಮುಟ್ಟದಿದ್ದರೆ ಹೋದವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಅದನ್ನು ಬಲ್ಲವರು ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಆತ್ಮಕ್ಕೆ ದಾರಿಯಿಲ್ಲ.

ಕಾಗೆ ತೆಂಗಿನ ಗರಿಯ ಮೇಲೆ ಕೂತಿತ್ತು. ಇಳಿಯಲಿಲ್ಲ.

"ನನ್ನ ಚಿಂತೆ ಮಾಡ್ಬೇಡ ಮಗಾ," ಎಂದಳು ತಾಯಿ ಗಂಗೆ. ಆ ಹತ್ತು ದಿನಗಳಲ್ಲಿ ಅವಳು ಗಂಡನೊಡನೆ ಒಂದು ಮಾತೂ ಆಡಿರಲಿಲ್ಲ. ದುಃಖ ಎಂದುಕೊಂಡಿದ್ದರು ಜನ.

ಕಾಗೆ ಇಳಿಯಲಿಲ್ಲ. ಬಿಸಿಲು ಏರಿತು.

"ಟಯರ್ ತಂದವ ಬಾಯಿ ಬಿಡ್ಲಿ," ಎಂದು ಹಿಂದಿನಿಂದ ಯಾರೋ ಅಂದರು. "ಎಂತ ನೋಡ್ತಾ ನಿಂತಿದ್ದ?"

ದೇವಪ್ಪ ಯೋಗೇಶನ ರಟ್ಟೆ ಹಿಡಿದು ಪಿಂಡದ ಮುಂದೆ ಎಳೆದು ತಂದ. 

"ಹೇಳು. ಪೊಲೀಸರಿಗೆ ಹೇಳಿದ್ದಲ್ಲ. ಅವನೆದ್ರು ಖರೇದು ಹೇಳು."

"ನಾನೇ, ನರೇಶಾ. ಟಯರ್ ನಂದೇ ಆಯ್ಕೆ."

ಕಾಗೆ ಆ ಕಡೆ ಮುಖ ತಿರುಗಿಸಿತು. ಜನ ಒಂದೊಂದು ಹೆಜ್ಜೆ ಹತ್ತಿರ ಬಂದರು.

"ಇನ್ನೊಮ್ಮೆ ಹೇಳು!"

"ನಾನೇ," ಯೋಗೇಶ ಅಳುತ್ತಿದ್ದ. "ನಾನೇ."

ಕಾಗೆ ಹಾರಿ ಇನ್ನೂ ದೂರದ ಮರಕ್ಕೆ ಹೋಯಿತು. ದೇವಪ್ಪ ರಟ್ಟೆ ಬಿಟ್ಟ. ಪಿಂಡದ ಎದುರು ಮೊಣಕಾಲೂರಿ ಕಣ್ಣು ಮುಚ್ಚಿದ.

"ಸಾಕು ಯೋಗೇಶ. ನನ್ನ ಹೆಸ್ರು ನಿನ್ನ ಬಾಯಿಂದಾದ್ರೂ ಬರ್ಲಿ ಅಂತ ಹತ್ತು ದಿನ ಕಾದೆ. ನಂಗೆ ಧೈರ್ಯ ಬರ್ಲಿಲ್ಲ, ನಿಂಗೆ ಮನಸ್ಸು ಬರ್ಲಿಲ್ಲ. ಮಗಾ, ನೀ ತಂದ ಮೆತ್ತನ್ನ ಟಯರನ್ನ ಒತ್ತಿ ನೋಡಿ ನಕ್ಕವ ನಾನು. ಟಯರ್ ಅಂದ್ರೆ ಕಲ್ಲಿನ ಹಾಂಗೆ ಇರ್ಬೇಕು ಅಂತ ವಾಪಸ್ ಕಳ್ಸಿದವ ನಾನು. ಲಾರಿಗೆ ತುಂಬೂ ಹಾಂಗೆ ಗಾಳಿ ತುಂಬ್ದದ್ದೂ ಈ ಕೈಯೇ."

ರೆಕ್ಕೆಯ ಸದ್ದಾಯಿತು. ಬಾಳೆಲೆ ಅಲುಗಿತು. ದೇವಪ್ಪ ಕಣ್ಣು ತೆರೆಯಲಿಲ್ಲ. ಕೈ ಮಾತ್ರ ಮುಗಿದ.

"ಮಹಾಬಲೇಶ್ವರಾ, ನನ್ನ ಕೂಸಿಗೆ ಶಾಂತಿ ಕೊಡು. ಇನ್ನವ ಕಾಲಿಟ್ಟಲ್ಲಿ ನೆಲ ಕುಸೀದೆ ಇರ್ಲಿ."