ಯೋಬನ ಮೂರನೇ ಮಗಳ ಹೆಸರು

ಹರಳೆಣ್ಣೆ ದೀಪದ ಹೊಗೆ ಮೂಗಿಗೆ ಬಡಿದರೆ ಸಾಕು, ಗಂಗಾನಗರದ ನಮ್ಮ ಮನೆಯ ಒಂದು ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಮಹಡಿಯಲ್ಲಿ ಬಾಡಿಗೆಗಿದ್ದ ಶೀಲಾ ಆಂಟಿಗೆ ಹೆಣ್ಣುಮಗು ಹುಟ್ಟಿತ್ತು. ನಮ್ಮಜ್ಜಿ ಅಂಥ ದೀಪದ ಮಸಿಯಿಂದ ತಾನೇ ಮಾಡಿದ ಕಾಡಿಗೆಯ ಹಿತ್ತಾಳೆ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗೆಳೆದುಕೊಂಡು, ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಎರಡು ವರ್ಷದ ಹಿಂದೆ ಆಂಟಿಯ ಮೊದಲ ಮಗುವಿಗೆ ದೃಷ್ಟಿಬೊಟ್ಟು ಇಡಹೋದಾಗ, "ನಮ್ಮಲ್ಲಿ ಇಡಲ್ಲ ಅಜ್ಜಿ, ಪ್ರಾರ್ಥನೆ ಮಾಡ್ತೀವಿ" ಅಂದಿದ್ದರು. ಆ ಮಗು ಮೂರು ತಿಂಗಳೂ ಉಳಿಯಲಿಲ್ಲ. ಅಜ್ಜಿ ಆ ಮಾತನ್ನು ಮತ್ತೆಂದೂ ಎತ್ತಿರಲಿಲ್ಲ.

"ಏನ್ ಎಸ್ರು ಇಟ್ರವ್ವಾ ಮಗೀಗೆ?"

"ಕೆರೆನ್ಹಪ್ಪೂಕ್, ಅಜ್ಜಿ."

ನಾನು ಕಿಸಕ್ಕನೆ ನಕ್ಕೆ. ಅಜ್ಜಿ ನನ್ನ ತೊಡೆ ಚಿವುಟಿದಳು. "ಅಂಗಂದ್ರೆ?"

ಆಂಟಿ ಮಗುವಿನ ನೆತ್ತಿ ಸವರುತ್ತಾ ಹೇಳಿದರು. "ಹೀಬ್ರೂ ಹೆಸರು. ಬೈಬಲ್‌ನಲ್ಲಿ ಯೋಬ ಅಂತ ಒಬ್ರಿದ್ರು. ಇದ್ದ ಮಕ್ಕಳೆಲ್ಲಾ ತೀರಿಹೋದ್ಮೇಲೆ ದೇವರು ಅವರಿಗೆ ಮತ್ತೆ ಮಕ್ಕಳು ಕೊಟ್ಟ. ಅವರಲ್ಲಿ ಮೂರನೇ ಹುಡುಗಿ ಹೆಸರಿದು. ಕಾಡಿಗೆ ತುಂಬಿಡೋ ಕೊಂಬು ಅಂತ ಅರ್ಥ. ನಮ್ಮ ಕಾಡಿಗೆ ಡಬ್ಬಿ ಇದ್ದಂಗೆ."

ಅಜ್ಜಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಬರಿಗೈಯಲ್ಲೇ ಮಗುವಿನ ಕೆನ್ನೆ ಮುಟ್ಟಿ, "ಬತ್ತೀನಿ ಕಣವ್ವಾ" ಅಂತ ಎದ್ದಳು.

ಸೆರಗಿನಡಿಯ ಉಬ್ಬು ಆಂಟಿಗೆ ಕಂಡಿತ್ತೇನೋ. ಎದ್ದು ಬಾಗಿಲು ಮುಂದೆ ಮಾಡಿಬಂದರು. ಮಗುವಿನ ಎಡಗಾಲಿನ ಕಾಲುಚೀಲ ಕಳಚಿ, "ಅಂಗಾಲಿಗೆ ಇಡಿ ಅಜ್ಜಿ" ಅಂದರು.

ಅಜ್ಜಿ ಇಟ್ಟಳು. ಬೊಟ್ಟು ಅಳಿಸದ ಹಾಗೆ ಆಂಟಿ ಮೆಲ್ಲಮೆಲ್ಲಗೆ ಕಾಲುಚೀಲ ಏರಿಸಿದರು.