ಮಸಿಯ ಕೆಳಗಿನ ಸಾಲು

“ಜೀವ ಇರೋದನ್ನ ತಂದು ಇಲ್ಲಿ ಹಾಕಿದೋರು ಯಾರು?”

ಬೆಖೋರ್ ಕೇಳಿದ್ದು ಯಾರನ್ನೂ ಅಲ್ಲ. ಜೆರುಸಲೇಮಿನ ಆ ಚಿಕ್ಕ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ ಆಗ ಅದರ ಮೇಲ್ವಿಚಾರಕನಾದ ಅವನೊಬ್ಬನೇ ಇದ್ದ. ಓದಲಾಗದಷ್ಟು ಸವೆದ ಧರ್ಮಗ್ರಂಥಗಳನ್ನು ಹಾಕುವ ಪೆಟ್ಟಿಗೆಯನ್ನು ಬರಿದು ಮಾಡುತ್ತಿದ್ದ. ಮಧ್ಯಾಹ್ನ ಅವನ್ನು ಸ್ಮಶಾನಕ್ಕೆ ಒಯ್ದು, ಮನುಷ್ಯರನ್ನು ಹೂಳುವಂತೆಯೇ ಹೂಳಬೇಕು. ಹರಿದ ಹಾಳೆಗಳ ನಡುವೆ ಚರ್ಮದ ಹೊದಿಕೆಯ ದಪ್ಪ ಹೀಬ್ರೂ ಪುಸ್ತಕವೊಂದು ಸಿಕ್ಕಿತು. ದೇವರ ನ್ಯಾಯವನ್ನು ವಿಚಾರಿಸುವ ಗ್ರಂಥ. ವೆನಿಸ್ಸಿನಲ್ಲಿ ಅಚ್ಚಾಗಿ ನಾನೂರು ವರ್ಷ ದಾಟಿತ್ತು. ಮುತ್ತಿಟ್ಟು ಮೇಜಿನ ಮೇಲಿಟ್ಟ.

“ನಾನೇ ಹಾಕಿದ್ದು,” ಎಂದಳು ಬಾಗಿಲಿಗೆ ಬಂದ ರೇನಾ. “ಅದೂ ಮಣ್ಣಿಗೆ ಹೋಗಲಿ, ಬೆಖೋರಣ್ಣ.”

“ನಿಮ್ಮ ಯಜಮಾನರದಲ್ವೇನಕ್ಕ ಇದು?”

“ಅವರದೇ. ಅವರು ಹೋದ್ಮೇಲೆ ಮಕ್ಕಳಿಬ್ಬರಿಗೂ ಇದರದೇ ಜಗಳ. ಶಬ್ತಾಯ್ ಯಾರೋ ವ್ಯಾಪಾರೀನ ಹಿಡಿದಿದಾನೆ. ಹಾಳೆ ಹಾಳೆ ಕಿತ್ತು, ಗಾಜು ಹಾಕ್ಸಿ ಮಾರ್ತಾರಂತೆ. ಕಂಡೋರ ಗೋಡೇಲಿ ನೇತಾಡೋದಕ್ಕಿಂತ ಮಣ್ಣೇ ವಾಸಿ.”

“ಓದೋಕಾಗೋದನ್ನ ನಾನು ಹೂಳೋ ಹಾಗಿಲ್ಲ.”

“ಎಲ್ಲಿ ಓದೋಕಾಗುತ್ತೆ?” ರೇನಾ ತನಗೆ ಗುರುತಿದ್ದ ಪುಟವನ್ನು ಬಿಡಿಸಿದಳು. ಎಂದೋ ಪಾದ್ರಿಗಳ ಕಡೆಯವರು ತಮಗೆ ಒಪ್ಪದ ಸಾಲಿನ ಮೇಲೆ ಮಸಿ ಬಳಿದಿದ್ದರು. “ಶುಕ್ರವಾರ ರಾತ್ರಿ ಊಟ ಆದ್ಮೇಲೆ ನಮ್ಮನೆಯವರು ಗಟ್ಟಿಯಾಗಿ ಓದೋರು. ‘ಕೊನೆಯ ದಿನ ದೇವರ ಮುಂದೆ ನಿಲ್ಲುವರು ಬಡವ, ಬಲ್ಲಿದ’, ಇಲ್ಲಿಗೆ ಬಂದು ಸುಮ್ಮನಾಗೋರು. ಒಂದು ಉಸಿರು ಬಿಟ್ಟು ಮುಂದಕ್ಕೆ ಹೋಗೋರು. ಆ ಸುಮ್ಮನಾಗೋದೂ ನಂಗೆ ಬಾಯಿಪಾಠ.”

“ಮೇಣದ ಬತ್ತೀಲಿ ಓದಿದ್ರೆ ಇನ್ನೇನು ಕಾಣ್ಬೇಕು, ಪಾಪ!”

ಬೆಖೋರ್ ಪುಸ್ತಕವನ್ನು ಕಿಟಕಿಯ ಬಳಿಗೆ ಒಯ್ದ. ಮಸಿ ಕಂದಿ ಜೇನಿನ ಬಣ್ಣಕ್ಕೆ ಇಳಿದಿತ್ತು. ಅದರಡಿಯ ಅಚ್ಚಿನ ಅಕ್ಷರಗಳು ಮಾತ್ರ ಕಪ್ಪಾಗಿಯೇ ಇದ್ದವು. ಕನ್ನಡಕವನ್ನು ಹಣೆಗೇರಿಸಿ, ಪುಟವನ್ನು ಬಿಸಿಲಿಗೆ ಓರೆಯಾಗಿ ಹಿಡಿದು ತಡವರಿಸುತ್ತ ಓದಿದ:

“‘...ನಮ್ಮನ್ನು ಊರು ಬಿಡಿಸಿದ ದೊರೆ. ಯಾರ ಕೈಯಲ್ಲೂ ಏನೂ ಇರದು.’”

ರೇನಾ ಬೆಂಚಿನ ಮೇಲೆ ಕುಳಿತಳು. ಬಡವ, ಬಲ್ಲಿದ, ನಮ್ಮನ್ನು ಊರು ಬಿಡಿಸಿದ ದೊರೆ. ಅವಳ ತುಟಿಗಳು ಅದನ್ನು ಒಮ್ಮೆ ಹೇಳಿಕೊಂಡವು, ಮತ್ತೊಮ್ಮೆ ಹೇಳಿಕೊಂಡವು.

“ಇಂಥವು ಇನ್ನೂ ಇವೆಯಾ?”

“ಬೇಕಾದಷ್ಟಿವೆ,” ಎಂದ ಬೆಖೋರ್, ಮಸಿ ಬಳಿದ ಪುಟಗಳನ್ನು ತಿರುವುತ್ತ.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಹೆಲ್ಮೆಟ್ ಕೂಡ ತೆಗೆಯದೆ ಶಬ್ತಾಯ್ ಒಳಗೆ ಬಂದ.

“ಮನೆಯೆಲ್ಲಾ ಜಾಲಾಡಿದೆ, ಇಲ್ಲಿದೀಯಾ! ಪುಸ್ತಕ ಕೊಡಮ್ಮ. ಆ ಮನುಷ್ಯ ಬೀದಿ ಕೊನೇಲಿ ಕಾಯ್ತಿದಾನೆ.”

ರೇನಾ ಕಿಟಕಿಯ ಕಡೆಗೆ ಇನ್ನಷ್ಟು ಸರಿದು ಕುಳಿತಳು. ಮಗನತ್ತ ತಿರುಗಲಿಲ್ಲ.

“ಕೊಡಲ್ಲ. ನಿಮ್ಮಪ್ಪ ಸುಮ್ಮನಾದ ಕಡೆಯಿಂದ ಓದ್ತಾ ಇದೀವಿ.”